ಪಹಣಿ ಇಲ್ಲದವರ ಮಾತು

ಅಕ್ಕಾ, ಆ ಹುಣಸೆಹಣ್ಣು ಆಮೇಲೆ ಕುಟ್ಟಿದರಾಯ್ತು, ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ. ಮೊನ್ನೆ ಪಾವಗಡದಿಂದ ನಿಮ್ಮ ತಮ್ಮ ಬಂದಿದ್ದಾಗ ಒಂದು ಮಾತು ಹೇಳಿದರಲ್ಲ, "ಸೋಲಾರ್‌ಗೆ ಅಷ್ಟೊಂದು ಜಮೀನು ಹೋಯ್ತು, ಆದ್ರೂ ದೊಡ್ಡ ಹೊಡೆದಾಟ ಆಗ್ಲಿಲ್ಲ, ಯಾಕಂದ್ರೆ ನಮ್ಮನ್ನ ಕೇಳಿದ್ರು" ಅಂತ. ಆಗಿನಿಂದ ಅದೇ ಯೋಚನೆ ನನಗೆ. ಅವರು ಹೇಳಿದ್ದು ನಿಜವೇ. ಆದರೆ ಅದರಲ್ಲಿ ಇನ್ನೂ ಹೇಳೋದು ಉಳಿದಿದೆ ಅನ್ನಿಸ್ತಾ ಇದೆ.

ನಮ್ಮ ಕಡೆ ಜಗಳ ಅಂದರೆ ಏನಕ್ಕ? ಮಧುಗಿರಿ ಆಗಲಿ, ಶಿರಾ, ಕೊರಟಗೆರೆ ಆಗಲಿ, ಬದು ಒತ್ತಿದ್ದು, ದಾರಿ ಕಟ್ಟಿದ್ದು, ಪಕ್ಕದಲ್ಲೇ ಬೋರ್ ಕೊರೆಸಿದ್ದು. ಮಳೆ ಕಡಿಮೆಯ ಸೀಮೆ, ಒಂದು ಮೊಳ ಜಾಗಕ್ಕೂ ಜೀವ ಬಿಡ್ತೀವಿ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯರ್ ಬರೋದಕ್ಕೆ ಮೊದಲು ಬಾಜುದಾರರಿಗೆ ನೋಟಿಸ್ ಹೋಗಬೇಕು. ಆ ನೋಟಿಸ್‌ನಲ್ಲೇ ಅರ್ಧ ನೆಮ್ಮದಿ ಇದೆ ನೋಡಿ. ಪಕ್ಕದ ಹೊಲದವನು ಎದುರಿಗೆ ನಿಂತು, ಕಲ್ಲು ನೆಡೋದನ್ನು ಕಣ್ಣಾರೆ ಕಂಡರೆ ಅಳತೆಯಲ್ಲಿ ಎರಡು ಅಡಿ ಕಳಕೊಂಡರೂ ಅಷ್ಟು ಉರಿಯಲ್ಲ. ಹೇಳದೆ ಕೇಳದೆ ಅಳೆದರೆ, ಅವನದೇ ಎರಡು ಅಡಿ ಅವನಿಗೆ ಸಿಕ್ಕರೂ ಅನುಮಾನ ಹೋಗಲ್ಲ.

ಲೋಕ ಅದಾಲತ್‌ನಲ್ಲೂ ಅದೇ. 1987ರ ಕಾನೂನು, ಜಾರಿಗೆ ಬಂದದ್ದು 1995ರಲ್ಲಿ. ಅಲ್ಲಿ ರಾಜಿ ಆದರೆ ಕೋರ್ಟಿನ ಡಿಕ್ರಿಗಿರುವಷ್ಟೇ ಬೆಲೆ, ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್. ಇದೆಲ್ಲ ಒಳ್ಳೆಯದೇ. ಆದರೆ ಅದಕ್ಕಿಂತ ದೊಡ್ಡದು, ವರ್ಷಗಟ್ಟಲೆ ಬರೀ ವಕೀಲರ ಕಾಗದಗಳು ಮಾತಾಡಿದ ಮೇಲೆ ಅಣ್ಣತಮ್ಮ ಒಂದೇ ಮೇಜಿನ ಮುಂದೆ ಕೂತು, "ನಿಮಗೆ ಬೇಕಾಗಿರೋದು ಏನು?" ಅಂತ ಕೇಳಿಸಿಕೊಳ್ಳೋದು. ಎಷ್ಟೋ ಸಲ ತಮ್ಮನಿಗೆ ಬೇಕಾಗಿರೋದು ಬದುವಲ್ಲ ಕಣಕ್ಕ, "ನನಗೊಂದು ಮಾತು ಹೇಳಿ ಉಳಬೇಕಿತ್ತು" ಅನ್ನೋದಷ್ಟೇ. ಒಂದೇ ದಿನ ನೂರಾರು ಕೇಸು ಮುಗಿಸೋ ಅವಸರದಲ್ಲಿ ಆ ಮಾತು ಹೊರಗೆ ಬರದೇ ಹೋದರೆ ಕೇಸು ಮುಗಿಯುತ್ತೆ, ಜಗಳ ಊರಿಗೆ ವಾಪಸ್ ಬರುತ್ತೆ.

ಈಗ ನಿಮ್ಮ ತಮ್ಮ ಹೇಳಿದ ಪಾವಗಡದ ಸೋಲಾರ್ ಪಾರ್ಕಿನ ಮಾತಿಗೆ ಬರೋಣ. 2007ರಲ್ಲಿ ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ ಜಮೀನಿನ ವಿಚಾರಕ್ಕೆ ಗೋಲಿಬಾರ್ ಆಗಿ 14 ಜನ ಸತ್ತರು. ಮಾರನೇ ವರ್ಷ ಸಿಂಗೂರಿನಿಂದ ಟಾಟಾದವರ ಕಾರಿನ ಕಾರ್ಖಾನೆಯೇ ಗುಜರಾತಿಗೆ ಎದ್ದುಹೋಯ್ತು. ಅಂಥದ್ದೆಲ್ಲ ಕಂಡ ದೇಶದಲ್ಲಿ ಪಾವಗಡದ ಐದು ಊರು, ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು, ಸುಮಾರು 13,000 ಎಕರೆ ಬಿಟ್ಟುಕೊಟ್ಟವು. ಹೇಗೆ? ಸರ್ಕಾರ ಜಮೀನು ಕೊಳ್ಳಲಿಲ್ಲ. ಅಪ್ಪ ಅಜ್ಜಂದಿರ ನೆಲ ಕೈತಪ್ಪುತ್ತೆ ಅನ್ನೋ ಭಯ ರೈತರಿಗೆ ಇದ್ದೇ ಇತ್ತು. ಆ ಭಯಕ್ಕೆ ಉತ್ತರವಾಗಿ ಬಂದದ್ದು ಗುತ್ತಿಗೆ: ಜಮೀನು ರೈತನ ಹೆಸರಲ್ಲೇ, 28 ವರ್ಷ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ನಾಲ್ಕು ಎಕರೆ ಇದ್ದವನಿಗೆ ಮೊದಲ ವರ್ಷವೇ 84,000. ಬಿತ್ತಿದ ಕಡ್ಲೆಕಾಯಿ ಒಣಗಿಹೋಗಿ, ಬೆಂಗಳೂರಿಗೆ ಕೂಲಿಗೆ ಹೋಗಿದ್ದ ಮನೆಗಳಿಗೆ ಅದು ಸಣ್ಣ ಮಾತಲ್ಲ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕಿನ ಉದ್ಘಾಟನೆ ಮಾಡಿದರು, 2019 ಮುಗಿಯೋ ಹೊತ್ತಿಗೆ 2,050 ಮೆಗಾವಾಟ್ ಪೂರ್ತಿ ಆಯ್ತು. ರೈತ ಏನಕ್ಕೆ ಹೆದರ್ತಾನೆ ಅಂತ ಕೇಳಿ, ಆ ಹೆದರಿಕೆಯನ್ನೇ ಕರಾರಿನಲ್ಲಿ ಬರೆದು ತೆಗೆದುಹಾಕಿದರೆ ಪೊಲೀಸ್ ವ್ಯಾನಿನ ಕೆಲಸ ಇರಲ್ಲ. ಇದನ್ನು ನಾನು ಮನಸಾರೆ ಮೆಚ್ತೀನಿ.

ಏನಂದ್ರಿ? ಹಾಗಾದ್ರೆ ಇನ್ನೇನು ಉಳೀತು ಅಂತಲಾ?

ಕೇಳಿದ್ದು ಯಾರನ್ನ ಅಕ್ಕ? ಪಹಣಿಯಲ್ಲಿ ಹೆಸರಿದ್ದವರನ್ನ. ಆ ನೆಲದಲ್ಲಿ ಕಳೆ ಕೀಳ್ತಾ ಇದ್ದ, ಕಡ್ಲೆಕಾಯಿ ಕಿತ್ತು ಬಿಡಿಸ್ತಾ ಇದ್ದ ಹೆಂಗಸರ ಹೆಸರು ಯಾವ ಪಹಣಿಯಲ್ಲಿದೆ? ಜಮೀನಿಲ್ಲದ ಮನೆಗಳಿಗೆ ಬಾಡಿಗೆ ಇಲ್ಲ, ಕೂಲಿಯೂ ಹೋಯ್ತು. ಪಾರ್ಕಿನಲ್ಲಿ ಸೋಲಾರ್ ಹಲಗೆ ಒರೆಸೋದು, ಹುಲ್ಲು ಕೊಯ್ಯೋದು, ಕಾವಲು, ಇಂಥ ಕೆಲಸ ಕೆಲವರಿಗೆ ಸಿಕ್ಕಿತು, ಅದೂ ಕಂಟ್ರಾಕ್ಟರ್ ಕೈಕೆಳಗೆ. ಇನ್ನು ಕುರಿಯವರು. ತಂತಿ ಬೇಲಿ ಬಂದ ಮೇಲೆ ಸುತ್ತು ಹಾಕಿ ನಡೀಬೇಕು, ಮೇವಿನ ನೆಲವೂ ಬೇಲಿಯ ಒಳಗೆ. ಮಂದೆ ಮಾರಿಕೊಂಡವರೂ ಇದ್ದಾರೆ. ಕುರಿಯವನು ಯಾರಿಗೂ ಬಾಜುದಾರ ಅಲ್ಲ, ಅವನಿಗೆ ನೋಟಿಸ್ ಕಳಿಸಬೇಕು ಅಂತ ಯಾವ ಗುಮಾಸ್ತನಿಗೂ ಹೊಳೆಯಲ್ಲ. ಅವನು ಕಲ್ಲು ಎಸೆಯಲಿಲ್ಲ, ಅದಕ್ಕೆ ಊರು ಶಾಂತವಾಗಿದೆ ಅಂತ ನಾವು ಅಂದುಕೊಂಡೆವು. ಬಾಯಿ ಮುಚ್ಚಿಕೊಂಡು ಕೂತವನು ಒಪ್ಪಿದ್ದಾನೆ ಅಂತ ಬರೆದುಕೊಳ್ಳೋದು ಅನ್ಯಾಯ ಕಣಕ್ಕ. ನನಗೆ ನಿಜವಾಗಿ ನೋವಾಗೋದು ಅದಕ್ಕೇ.

ಪಾರ್ಕನ್ನು ಇನ್ನೂ ಹಿಗ್ಗಿಸುವ ಮಾತು ಸರ್ಕಾರದಲ್ಲಿ ಇದೆ. ಮತ್ತೆ ಸಾವಿರಾರು ಎಕರೆ ಬೇಕಾಗುತ್ತೆ. ಈ ಸಲ ಕೇಳೋ ಕ್ರಮ ಬದಲಾಗಲಿ ಅನ್ನೋದು ನನ್ನ ಆಸೆ. ಗ್ರಾಮಸಭೆ ಅನ್ನೋದು ಕಾನೂನಿನಲ್ಲೇ ಇದೆ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಬರೋರು ಯಾರು? ಕುರಿಯವರು ಗುಡ್ಡದಲ್ಲಿರ್ತಾರೆ, ಕೂಲಿಯವರು ಕೂಲಿಯಲ್ಲಿ. ಅಧಿಕಾರಿ ಅಚ್ಚುಕಟ್ಟಾಗಿ ಪುಸ್ತಕದ ಕನ್ನಡದಲ್ಲಿ ಯೋಜನೆ ಓದಿ ಹೋದರೆ, ಮನೆಯಲ್ಲಿ ತೆಲುಗು ಆಡೋ ಅಜ್ಜಿಗೆ ಏನು ತಿಳೀತು? ಪಾವಗಡದ ಸುತ್ತಲೂ ಹೆಚ್ಚೂಕಡಿಮೆ ಆಂಧ್ರವೇ ಅಲ್ವಾ, ಅಲ್ಲಿ ಎರಡು ಮಾತೂ ಬೇಕು.

ನಿಮ್ಮ ತಮ್ಮ ಪಂಚಾಯ್ತಿಯವರ ಜೊತೆ ಓಡಾಡೋರು. ಮತ್ತೆ ಫೋನ್ ಮಾಡಿದಾಗ ಇಷ್ಟು ಹೇಳಿ: ಸಭೆಯನ್ನು ರಾತ್ರಿ ಊಟದ ಮೇಲೆ, ಕುರಿ ದೊಡ್ಡಿಗೆ ಸೇರಿದ ಮೇಲೆ ಇಡಲಿ. ಕಾಗದ ಓದೋದಕ್ಕೆ ಮೊದಲು ಜಮೀನಿಲ್ಲದವರನ್ನು ಮುಂದೆ ಕೂರಿಸಿ, ತೆಲುಗಲ್ಲೋ ಕನ್ನಡದಲ್ಲೋ, ಅವರು ಹೇಳೋದೆಲ್ಲ ಮುಗಿಯೋವರೆಗೂ ಯಾರೂ ಏಳಬಾರದು. ಮಂದೆ ಎಲ್ಲಿ ನಡೀಬೇಕು, ನೀರು ಎಲ್ಲಿ ಕುಡೀಬೇಕು ಅಂತ ಅವರ ಕೈಲೇ ತೋರಿಸಿಕೊಂಡು, ಬೇಲಿ ಎಳೆಯೋ ನಕ್ಷೆಯಲ್ಲಿ ಆ ದಾರಿ ಮೊದಲು ಬರೀಲಿ. ಹಲಗೆ ನೆಡೋ ಜಾಗ ಆಮೇಲೆ.