ಜಗ್ಗಿ ನೋಡಿದ್ಯಾ?

ನಮ್ಮಪ್ಪ ತಿಪಟೂರಿನ ಬ್ಯಾಂಕೊಂದರಲ್ಲಿ ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದವರು. ಬೀಗ ಹಾಕುವ ಕೆಲಸದಲ್ಲಿ ಬೀಗ ಹಾಕುವುದು ಕಾಲು ಪಾಲು, ಜಗ್ಗಿ ನೋಡುವುದು ಮುಕ್ಕಾಲು ಪಾಲು ಎಂಬುದು ಅವರ ಸಿದ್ಧಾಂತ. ಊರಿನ ಮನೆಗೆ ಹಿತ್ತಾಳೆಯ ಗೋದ್ರೆಜ್ ಬೀಗ ಹಾಕಿ ಮೂರು ಸಲ ಜಗ್ಗುತ್ತಾರೆ, ಗೇಟಿನವರೆಗೆ ಹೋಗುತ್ತಾರೆ, ಏನೋ ಹೊಳೆದವರಂತೆ ವಾಪಸು ಬಂದು ನಾಲ್ಕನೇ ಸಲ ಜಗ್ಗುತ್ತಾರೆ. ನಲವತ್ತು ವರ್ಷದ ಈ ಜಗ್ಗಾಟದಲ್ಲಿ ಬೀಗದ ಕೂದಲೂ ಕೊಂಕಿಲ್ಲ. ಚಿಲಕ ಮಾತ್ರ ಎರಡು ಸಲ ಬುಡಸಮೇತ ಕಿತ್ತು ಬಂದಿದೆ. ಬಸ್ಸು ಅರಸೀಕೆರೆ ದಾಟಿದ ಮೇಲೂ ಅಮ್ಮನನ್ನು ಕೇಳುತ್ತಾರೆ: "ನಾನು ಜಗ್ಗಿದ್ದು ನೋಡಿದ್ಯಲ್ಲಾ?"

ಇಂಥವರನ್ನು ನಾನು ಬೀಗದ ಕೈ ಜೇಬಿನಿಂದ ತೆಗೆಯುವುದೇ ಬೇಡದ ಕಾರಿನ ಮುಂದೆ ತಂದು ನಿಲ್ಲಿಸಿದೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ಅಪ್ಪ ಅಮ್ಮ ತೊಂಬತ್ತು ದಿನದ ವೀಸಾ ಹಿಡಿದು ನೆದರ್ಲೆಂಡ್ಸಿನ ಲೈಡನ್ನಿಗೆ ಬಂದರು. ಬೀಗದ ವಿಚಾರಕ್ಕೆ ಇದಕ್ಕಿಂತ ತಕ್ಕ ಊರಿಲ್ಲ. ಊರಿನ ಲಾಂಛನವೇ ಅಡ್ಡಡ್ಡ ಇಟ್ಟ ಎರಡು ಕೆಂಪು ಬೀಗದ ಕೈ. ಸ್ವರ್ಗದ ಬಾಗಿಲು ಕಾಯುವ ಸಂತ ಪೀಟರನವು. ಜನ ಊರನ್ನು ಪ್ರೀತಿಯಿಂದ ಕರೆಯುವುದೂ 'ಸ್ಲ್ಯೂಟಲ್‌ಸ್ಟಾಡ್', ಅಂದರೆ ಬೀಗದ ಕೈಗಳ ಪಟ್ಟಣ. ಅಪ್ಪ ಆ ಲಾಂಛನದ ಮುಂದೆ ಬಹಳ ಹೊತ್ತು ನಿಂತರು.

"ಎರಡಿದೆ ನೋಡು. ತಿಳಿದವರು ಮಾಡಿರೋದು."

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು. ಎರಡೂ ಒಂದೇ ಜಾಗದಲ್ಲಿ ಸಿಕ್ಕಿದರೆ ಇಬ್ಬರಿಗೂ ಮೆಮೊ. ಸಂತ ಪೀಟರ್ ಒಬ್ಬನೇ ಎರಡನ್ನೂ ಇಟ್ಟುಕೊಂಡಿದ್ದು ಅಪ್ಪನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಕಾರಿನ ಮಹಿಮೆಯನ್ನು ನಾನು ಹೆಮ್ಮೆಯಿಂದಲೇ ವಿವರಿಸಿದೆ. ಇಳಿದು ಬಾಗಿಲು ಹಾಕಿ ಸುಮ್ಮನೆ ನಡೆದುಬಿಡುವುದು. ನಾಲ್ಕು ಹೆಜ್ಜೆ ದೂರವಾದ ಮೇಲೆ ಅದೇ ಬೀಗ ಹಾಕಿಕೊಂಡು, ಮಲಗುವ ಹಸು ಕಿವಿ ಮಡಚಿದ ಹಾಗೆ ಎರಡೂ ಕನ್ನಡಿ ಮಡಚಿಕೊಳ್ಳುತ್ತದೆ. ಒಳಗಿನ ತಂತ್ರ ಬಹಳ ಸರಳ. ಕಾರು 125 ಕಿಲೋಹರ್ಟ್ಜಿನ ಆಸುಪಾಸಿನಲ್ಲಿ ಮೆಲ್ಲಗೆ ಕರೆಯುತ್ತದೆ. ಆ ಕರೆ ಒಂದೂವರೆ ಮೀಟರಿನಾಚೆಗೆ ಕೇಳಿಸುವುದಿಲ್ಲ. ಜೇಬಿನಲ್ಲಿರುವ ಕೈ 433 ಮೆಗಾಹರ್ಟ್ಜಿನಲ್ಲಿ ಗುಟ್ಟಿನ ಮಾತು ಹೇಳಿ ಓಗೊಡುತ್ತದೆ. ಓಗೊಟ್ಟರೆ ಒಡೆಯ ಪಕ್ಕದಲ್ಲಿದ್ದಾನೆ, ಓಗೊಡದಿದ್ದರೆ ಹೋದ.

ಅಪ್ಪ ಎಲ್ಲ ಕೇಳಿಸಿಕೊಂಡು, ಕಾರಿನ ಹತ್ತಿರ ಹೋಗಿ, "ಜಗ್ಗಿ ನೋಡಿದ್ಯಾ?" ಎಂದರು.

ಜಗ್ಗಿದೆ. ಬಾಗಿಲು ತೆರೆದುಕೊಂಡಿತು.

ತೆರೆದುಕೊಳ್ಳಲೇಬೇಕಲ್ಲ! ಕೈ ನನ್ನ ಜೇಬಿನಲ್ಲೇ ಇತ್ತು. ಎರಡು ವರ್ಷದಿಂದ ಈ ಕಾರು ಓಡಿಸುತ್ತಿದ್ದರೂ ನನಗೆ ಹೊಳೆಯದ ಸತ್ಯ ಅವತ್ತು ಹೊಳೆಯಿತು. ಈ ಬೀಗ ಬಿದ್ದಿರುವುದನ್ನು ಕಾರಿನ ಮಾಲೀಕ ಜನ್ಮದಲ್ಲಿ ಪರೀಕ್ಷಿಸಲಾರ. ಹತ್ತಿರ ಹೋದರೆ ತೆರೆದಿರುತ್ತದೆ, ದೂರ ಹೋದರೆ ಜಗ್ಗಲು ಕೈ ಎಟುಕುವುದಿಲ್ಲ. ಬೀಗ ಹಾಕಿದ್ದಕ್ಕೆ ಸಾಕ್ಷಿ ಬೇಕೆಂದರೆ ಕಳ್ಳನನ್ನೇ ಕೇಳಬೇಕು.

"ಇದು ಬೀಗ ಅಲ್ಲ ಕಣೋ, ಬೀಗರು," ಎಂದರು ಅಪ್ಪ. "ಮುಖ ಕಂಡ ತಕ್ಷಣ ಬಾಗಿಲು ತೆಗೀಲೇಬೇಕು."

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ವಿಧಿ ಶುರುವಾಯಿತು. ನನ್ನ ಹೆಂಡತಿ ಕಾರಿನ ಕೈ ಹಿಡಿದುಕೊಂಡು ಕಾಲುವೆಯ ಕಟಕಟೆಯವರೆಗೆ ಹೋಗಿ ನಿಲ್ಲುವುದು, ನಾನು ಬರಿಗೈಯಲ್ಲಿ ನಾಲ್ಕೂ ಬಾಗಿಲು ಜಗ್ಗುವುದು, ಅಪ್ಪ ಮಫ್ಲರ್ ಸುತ್ತಿಕೊಂಡು ಎಣಿಸುವುದು. ಡಚ್ಚರ ಬೀದಿಯಲ್ಲಿ ಇಂಥ ಕೆಲಸ ಗುಟ್ಟಾಗಿ ಆಗುವಂಥದ್ದಲ್ಲ. ಬೀದಿಗೆ ಮುಖಮಾಡಿದ ದೊಡ್ಡ ದೊಡ್ಡ ಕಿಟಕಿ. ಪರದೆ ಎಳೆಯುವವರು ಕಡಮೆ. ನಾವು ಅವರನ್ನು ನೋಡಬಾರದು ಎಂಬುದು ಸಂಪ್ರದಾಯ; ಅವರು ನಮ್ಮನ್ನು ನೋಡಬಾರದು ಎಂದೇನೂ ಇಲ್ಲ. ಮೂರನೇ ರಾತ್ರಿ ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು, ಸುತ್ತಿಬಳಸದೆ ಕೇಳಿಯೇಬಿಟ್ಟರು: "ನಿಮ್ಮ ಕಾರನ್ನು ನೀವೇ ಯಾಕೆ ಕದಿಯುತ್ತಿದ್ದೀರಿ?"

ಇಷ್ಟರಲ್ಲಿ ಮನೆಯ ಬಾಗಿಲೂ ತನ್ನ ಕೈಚಳಕ ತೋರಿಸಿತು. ಇಲ್ಲಿನ ಮುಂಬಾಗಿಲಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ, ಅಲುಗದ ಒಂದು ಗುಬುಟು ಅಷ್ಟೆ. ಗಾಳಿಗೆ ಮುಚ್ಚಿಕೊಂಡರೆ ಮುಗಿಯಿತು, ಹೊರಗಿದ್ದವರು ಹೊರಗೇ. ಒಂದು ಬೆಳಿಗ್ಗೆ ನಾವಿಬ್ಬರೂ ಆಫೀಸಿಗೆ ಹೋಗಿದ್ದಾಗ ಅಪ್ಪ ಕಾರು ಜಗ್ಗಿ ಬರೋಣವೆಂದು ಪಂಚೆ ಸ್ವೆಟರಿನಲ್ಲಿ ಹೊರಬಿದ್ದರು. ಮಾವ ಎಲ್ಲಿಯಾದರೂ ಜಾರಿಬಿದ್ದಾರೆಂದು ನನ್ನ ಹೆಂಡತಿ ಹೇಳಿದ್ದ ಮಾತು ನೆನಪಾಗಿ ಅಮ್ಮ ಹಿಂದೆಯೇ ಕೊಡೆ ಹಿಡಿದು ಬಂದರು. ಬಾಗಿಲು ದಢಾರನೆ ಹಾಕಿಕೊಂಡಿತು. ಹಾಕಿಕೋ ಎಂದರೆ ಹಾಕಿಕೊಳ್ಳುತ್ತದೋ ಇಲ್ಲವೋ ತಿಳಿಯದ ಕಾರು ಒಂದು ಕಡೆ, ಬೇಡವೆಂದರೂ ಹಾಕಿಕೊಳ್ಳುವ ಮನೆ ಇನ್ನೊಂದು ಕಡೆ, ನಡುವೆ ಮಳೆ. ಕೊನೆಗೆ ಅದೇ ಅಜ್ಜಿ ಒಂದು ಪೆಪ್ಸಿ ಬಾಟಲಿಯ ಹೊಟ್ಟೆ ಕತ್ತರಿಸಿ ತಂದು, ಆ ಪ್ಲಾಸ್ಟಿಕ್ ತುಂಡನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಅರ್ಧ ನಿಮಿಷದಲ್ಲಿ ತೆಗೆದುಕೊಟ್ಟರು. ಹೋಗುವಾಗ ಕೈ ತಿರುಗಿಸಿ ತೋರಿಸಿ, ಕೀಲಿ ತಿರುಗಿಸದೆ ಬರೀ ಎಳೆದುಕೊಂಡ ಬಾಗಿಲು ಬಾಗಿಲೇ ಅಲ್ಲವೆಂದು ಬುದ್ಧಿ ಹೇಳಿದರು. ಅಪ್ಪನಿಗೆ ಡಚ್ ಬಾರದು, ಅಜ್ಜಿಗೆ ಕನ್ನಡ ಬಾರದು. ಆದರೂ ಸಂಜೆ ಅಪ್ಪ, "ಈಕೆ ಬ್ಯಾಂಕಿನಲ್ಲಿ ಇರಬೇಕಾಗಿತ್ತು," ಎಂದರು.

ಅಜ್ಜಿ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಕಾರಿನ ಕೈಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಬಾರದು. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಮನೆಯ ಬಾಗಿಲ ಬಳಿ ಯಂತ್ರ ಹಿಡಿದು, ಕಾರಿನ ಕರೆಯನ್ನು ಒಳಗಿನ ಕೈಗೆ ಮುಟ್ಟಿಸುತ್ತಾನೆ. ಅದು ಪಾಪ, ಒಡೆಯನೇ ಕರೆದನೆಂದು ಓಗೊಡುತ್ತದೆ. ಇನ್ನೊಬ್ಬ ಕಾರು ಓಡಿಸಿಕೊಂಡು ಹೋಗುತ್ತಾನೆ. ಗಾಜು ಒಡೆಯಬೇಕಿಲ್ಲ, ಸದ್ದಿಲ್ಲ. ಮದ್ದು ಸುಲಭ: ಕೈಯನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚುವುದು. ಲೋಹದ ಗೂಡಿನೊಳಕ್ಕೆ ಹೊರಗಿನ ವಿದ್ಯುತ್ತಿನ ಪ್ರಭಾವ ಇಳಿಯದೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿಕೊಟ್ಟ ತತ್ವ; ರೇಡಿಯೋ ಅಲೆಯನ್ನು ತಡೆಯುವುದೂ ಅದೇ. ನಾವು ಸ್ಟ್ರೋಪ್‌ವಾಫಲ್ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಕೈ ಹಾಕಿ ಕಾರಿನ ಪಕ್ಕ ಹಿಡಿದು ಜಗ್ಗಿದೆವು. ಬಾಗಿಲು ತೆರೆಯಲಿಲ್ಲ! ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅಪ್ಪನ ಮುಖ ಅರಳಿತು. ಮುಚ್ಚಳ ಸ್ವಲ್ಪ ಸಡಿಲ, ಅದೊಂದು ಕೊರತೆ.

ಇಂಥ ಕಳ್ಳಸಂದಿಗಳನ್ನು ಹುಡುಕುವುದರಲ್ಲಿ ಡಚ್ಚರೇ ಗಟ್ಟಿಗರು. ಕಾರು ಕಳುವಾಗದಂತೆ ಎಂಜಿನ್ ಕಾಯುವ ಒಂದು ಚಿಪ್ಪಿನ ಗುಟ್ಟು ದುರ್ಬಲವಾಗಿದೆಯೆಂದು ನೈಮೆಗನ್ನಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಸಂಗಡಿಗನೊಬ್ಬನ ಜೊತೆ 2012ರಲ್ಲಿ ಕಂಡುಕೊಂಡರು. 2013ರಲ್ಲಿ ಕಾರು ಕಂಪನಿ ಲಂಡನ್ನಿನ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಪ್ರಬಂಧ ಹೊರಬಂದದ್ದು 2015ರಲ್ಲಿ. ಬೀಗ ಸರಿಯಿಲ್ಲ ಎಂದವರ ಬಾಯಿಗೇ ಬೀಗ. ಆ ಚಿಪ್ಪಿನ ಹೆಸರು ಮೆಗಾಮೋಸ್. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅವನು ಪ್ರಾಮಾಣಿಕ ಕಣೋ. ಮಹಾ ಮೋಸ ಅಂತ ಹೆಸರಲ್ಲೇ ಬರೆದಿಟ್ಟಿದ್ದಾನಲ್ಲ!"

ನಗು ಹೆಚ್ಚು ದಿನ ಉಳಿಯಲಿಲ್ಲ. ನವೆಂಬರ್ ಮೊದಲ ವಾರ ಕಾರು ಕಿವಿ ಮಡಚುವುದನ್ನು ನಿಲ್ಲಿಸಿತು. ನಾನು ಇಳಿದು ನಾಲ್ಕು ಹೆಜ್ಜೆ ನಡೆದರೆ 'ಕೀಂ' ಎಂದು ಉದ್ದಕ್ಕೆ ಒಂದು ಸಲ ಕೂಗಿ ಸುಮ್ಮನಾಗುವುದು. ಜಗ್ಗಿದರೆ, ಬರಿಗೈಯಲ್ಲೇ ಜಗ್ಗಿದರೆ, ಬಾಗಿಲು ತೆರೆದೇ ಇದೆ. ದಿನಾ ಹೀಗಲ್ಲ, ಕೆಲವು ದಿನ ಸಭ್ಯವಾಗಿ ಬೀಗ ಹಾಕಿಕೊಳ್ಳುತ್ತದೆ, ಕೆಲವು ದಿನ ಕೂಗುತ್ತದೆ. ಗುಂಡಿ ಒತ್ತಿ ಬೀಗ ಹಾಕಬಹುದಿತ್ತು, ಹಾಕುತ್ತಲೂ ಇದ್ದೆ. ಆದರೆ ತಾನಾಗಿ ಆಗಲೆಂದು ದುಡ್ಡು ಸುರಿದು ತಂದ ಕೆಲಸವನ್ನು ಅಪ್ಪನ ಕಣ್ಣೆದುರು ಕೈಯಾರೆ ಮಾಡುವುದಿದೆಯಲ್ಲ, ಅದು ಹಿಟ್ಟಿನ ಗಿರಣಿಯ ಮುಂದೆ ಕೂತು ರಾಗಿ ಬೀಸಿದ ಹಾಗೆ.

ಬ್ಯಾಟರಿ ಮುಗಿದಿರಬೇಕು ಎಂದುಕೊಂಡೆ. "ಹೇಮಾಗೆ ಹೋಗಿ ಬರ್ತೀನಿ," ಎಂದಾಗ ಅಮ್ಮ ಸೊಸೆಯ ಮುಖ ನೋಡಿದರು. ಹೇಮಾ ಎಂದರೆ 1926ರಿಂದ ಇರುವ ಅಂಗಡಿ, ಲೋಟದಿಂದ ಕಾಲುಚೀಲದವರೆಗೆ ಎಲ್ಲ ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಾಯಿತು. ಸಿಆರ್2032 ಎಂಬ ರೂಪಾಯಿ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ ತಂದು ಹಾಕಿದೆ. ಕೈ ಬಿಚ್ಚಿದಾಗ ಒಳಗೊಂದು ಪುಟ್ಟ ಕಬ್ಬಿಣದ ಕೀಲಿ ಹೊರಬಿತ್ತು. ಎಲ್ಲ ಕೆಟ್ಟಾಗ ಬಾಗಿಲು ತೆಗೆಯಲು ಇರುವ ಆಪದ್ಬಾಂಧವ. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಅಂತೂ ನಿಜವಾದ ಕೀಲಿ ಒಂದು ಬಚ್ಚಿಟ್ಟಿದ್ದಾರೆ," ಎಂದರು. ಹೊಸ ಬ್ಯಾಟರಿ ಹಾಕಿದ ಸಂಜೆಯೂ ಕಾರು ಕೂಗಿತು.

ಆಮೇಲೆ ಮಳೆಯ ಮೇಲೆ ಅನುಮಾನ ಬಂತು. ಹಿಡಿಕೆಯೊಳಗೆ ಬೆರಳು ಬಂದದ್ದನ್ನು ಅರಿಯುವ ಕೆಪ್ಯಾಸಿಟರ್ ಇರುತ್ತದೆ. ನಮ್ಮ ಕೈ ಹತ್ತಿರ ಬಂದರೆ ಅದರಲ್ಲಿ ವಿದ್ಯುತ್ತು ಹಿಡಿಯುವ ಪ್ರಮಾಣ ಬದಲಾಗುತ್ತದೆ. ಮಳೆನೀರು ಹರಿದರೂ ಕೆಲವೊಮ್ಮೆ ಯಾರೋ ಮುಟ್ಟಿದರೆಂದು ಅದಕ್ಕೆ ಭ್ರಮೆ. ತಮಾಷೆಯೆಂದರೆ ಜಗತ್ತಿನ ಮೊದಲ ಕೆಪ್ಯಾಸಿಟರುಗಳಲ್ಲೊಂದು ಹುಟ್ಟಿದ್ದೂ ಇದೇ ಊರಿನಲ್ಲಿ. 1746ರಲ್ಲಿ ಇಲ್ಲಿನ ಪ್ರೊಫೆಸರ್ ಪೀಟರ್ ವಾನ್ ಮುಸ್ಸೆನ್‌ಬ್ರೂಕ್ ನೀರು ತುಂಬಿದ ಗಾಜಿನ ಬುರುಡೆಯನ್ನು ಒಂದು ಕೈಯಲ್ಲಿ ಹಿಡಿದು ಅದರ ತಂತಿಯನ್ನು ಇನ್ನೊಂದು ಕೈಯಲ್ಲಿ ಮುಟ್ಟಿ, ಮೈಯೆಲ್ಲ ನಡುಗಿ, ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಮುಟ್ಟೆನೆಂದು ಕಾಗದ ಬರೆದ. ಬುರುಡೆಗೆ 'ಲೈಡನ್ ಜಾಡಿ' ಎಂಬ ಹೆಸರೇ ನಿಂತಿತು. ಅದರಲ್ಲಿ ಹೊರಗಿನ ಪದರದ ಕೆಲಸ ಮಾಡಿದ್ದು ಹಿಡಿದವನ ಅಂಗೈ. ಬೀಗದ 'ಕೈ' ಎಂಬ ನಮ್ಮ ಮಾತಿಗೆ ಇಷ್ಟು ಅರ್ಥವಿದೆಯೆಂದು ಕಾರಿನ ಹಿಡಿಕೆಯನ್ನು ಹೇರ್ ಡ್ರೈಯರಿನಿಂದ ಒಣಗಿಸುತ್ತಾ ನಾನು ಯೋಚಿಸಿದೆ. ಒಣಗಿದ ಹಿಡಿಕೆಯ ಕಾರೂ ಕೂಗಿತು.

ಗ್ಯಾರೇಜಿನವರು ಕಾರು ಎರಡು ದಿನ ಇಟ್ಟುಕೊಂಡು, ಎಲ್ಲ ಸರಿಯಿದೆ ಎಂಬ ಒಂದು ಹಾಳೆಯನ್ನೂ ಅದಕ್ಕಿಂತ ದೊಡ್ಡ ಬಿಲ್ಲನ್ನೂ ಕೊಟ್ಟರು. ಈ ನಡುವೆ ಅಮ್ಮ ಬೇರೆ ದಿನಕ್ಕೆರಡು ಸಲ ಕೇಳುತ್ತಿದ್ದರು: "ಆ ನೀಲಿ ಡಬ್ಬಿ ಎಲ್ಲಿ ಹೋಯ್ತೋ? ಚಕ್ಕುಲಿ ಹಾಕಿಡಬೇಕು." ಬೀಗದ ಇಷ್ಟು ದೊಡ್ಡ ಪ್ರಶ್ನೆ ಎದುರಿಗಿರುವಾಗ ಡಬ್ಬಿ ಯಾರಿಗೆ ಬೇಕು ಎಂದು ನಾನು ಗದರಿದೆ.

ಕೊನೆಗೆ ಎ.ಎನ್.ಡಬ್ಲ್ಯು.ಬಿ.ಗೆ ಫೋನ್ ಮಾಡಿದೆ. 1883ರಲ್ಲಿ ಸೈಕಲ್ ಸವಾರರು ಕಟ್ಟಿಕೊಂಡ ಸಂಘ; ಇವತ್ತು ಕೆಟ್ಟುನಿಂತ ಕಾರುಗಳ ತವರುಮನೆ. ಅದರ ಹಳದಿ ಗಾಡಿಗಳು 1946ರಿಂದ ರಸ್ತೆ ಸುತ್ತುತ್ತಿವೆ. ಬಂದಾತ ಆರಡಿ ಮೇಲಿನ ಮನುಷ್ಯ. ಯಾವ ಯಂತ್ರವನ್ನೂ ಹೊರತೆಗೆಯಲಿಲ್ಲ. ಕಾರು 'ಕೀಂ' ಎಂದಿದ್ದನ್ನು ತಲೆ ಓರೆಮಾಡಿ ಕೇಳಿ, ಒಂದೇ ಪ್ರಶ್ನೆ ಹಾಕಿದ.

"ಎರಡನೇ ಕೈ ಎಲ್ಲಿದೆ?"

ಒಂದು ಕೈ ಒಳಗೇ ಉಳಿದಿದ್ದರೆ ಕಾರು ತಾನಾಗಿ ಬೀಗ ಹಾಕಿಕೊಳ್ಳುವುದಿಲ್ಲವಂತೆ. ಒಡೆಯನೋ ಅವನ ಮಗುವೋ ಒಳಗಿರಬಹುದಲ್ಲ. ಆ ಉದ್ದನೆಯ ಕೂಗು ಅದರದೇ ದೂರು. ನಾನು ಮನೆಯೊಳಗೆ ಓಡಿ ಮೇಜಿನ ಖಾನೆ ನೋಡಿದೆ. ಎರಡನೇ ಕೈ ಇರಲಿಲ್ಲ. ಹಿಂತಿರುಗುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು, ಸ್ಟ್ರಾಂಗ್ ರೂಮಿನ ಮುಂದೆ ಇನ್‌ಸ್ಪೆಕ್ಷನ್ನಿಗೆ ನಿಂತವರ ಹಾಗೆ.

"ಡಿಕ್ಕಿಯಲ್ಲಿದೆ. ಮ್ಯಾಟಿನ ಕೆಳಗೆ."

ಮ್ಯಾಟೆತ್ತಿದರೆ ನೀಲಿ ಡಬ್ಬಿ. ಡಬ್ಬಿಯೊಳಗೆ ಕರ್ಚೀಫಿನಲ್ಲಿ ಸುತ್ತಿದ ಕೈ.

ಅಪ್ಪನ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಎರಡು ಕೈ ಒಂದೇ ಮನೆಯಲ್ಲಿರಬಾರದು. ಮನೆಯಲ್ಲಿ ಒಂದಿದೆ. ಹೊರಗೆ ನಮ್ಮದೆಂದು ಇರುವುದು ಕಾರೊಂದೇ, ಅದಕ್ಕೆ ಬೀಗವೂ ಇದೆ. ಕಳ್ಳರ ಕರೆಗೆ ಓಗೊಡದಿರಲೆಂದು ಡಬ್ಬಿ. ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತ ದಿನ ಕಾರಿಗೆ ಒಳಗಿನ ಕೈ ಕಾಣದೆ ಬೀಗ ಬೀಳುತ್ತಿತ್ತು. ರಸ್ತೆಯುಬ್ಬು ಹಾರಿ ಮುಚ್ಚಳ ಸಡಿಲವಾದ ದಿನ ಕೂಗುತ್ತಿತ್ತು. ಹೆಜ್ಜೆಗೊಂದು ಉಬ್ಬು ಹಾಕಿರುವ ದೇಶ ಇದು. ಹಳದಿ ಗಾಡಿಯವನಿಗೆ ಬ್ಯಾಂಕಿನ ನಿಯಮವನ್ನು ನನ್ನ ಅರೆಬೆಂದ ಡಚ್ಚಿನಲ್ಲಿ ವಿವರಿಸಿದೆ. ಆತ ಗಂಭೀರವಾಗಿ ಕೇಳಿ, ಅಪ್ಪನ ಕೈಕುಲುಕಿ, ನಮ್ಮಲ್ಲಿ ಬೀಗಕ್ಕೂ ಕೋಟೆಗೂ 'ಸ್ಲಾಟ್' ಎಂಬ ಒಂದೇ ಮಾತು ಎಂದು ಹೇಳಿ ಹೊರಟುಹೋದ.

ಅಮ್ಮ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಚಕ್ಕುಲಿ ತುಂಬಿದರು.

ಡಿಸೆಂಬರ್ ಕೊನೆಯಲ್ಲಿ ಅವರಿಬ್ಬರನ್ನು ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ಕಾರು ನಾಲ್ಕು ಹೆಜ್ಜೆಗೆ ಸರಿಯಾಗಿ ಕಿವಿ ಮಡಚಿತು. ಜನವರಿಯಲ್ಲಿ ಮೊದಲ ಕೈಯನ್ನು ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿ, ಎರಡನೆಯದಕ್ಕಾಗಿ ಮೇಜಿನ ಖಾನೆ ಎಳೆದರೆ ಖಾಲಿ. ತಿಪಟೂರಿಗೆ ಫೋನ್ ಮಾಡಿದೆ.

"ನನ್ನ ಹತ್ತಿರ ಭದ್ರವಾಗಿದೆ, ಯೋಚನೆ ಮಾಡಬೇಡ," ಎಂದರು ಅಪ್ಪ. "ಬ್ಯಾಂಕ್ ಲಾಕರಿನಲ್ಲಿಟ್ಟಿದ್ದೀನಿ. ಜಗ್ಗಿಯೂ ನೋಡಿದೆ."

ನಾಳೆಯೇ ಕೊರಿಯರ್ ಮಾಡಿ ಎಂದೆ.

"ನಾಳೆ ಆಗಲ್ಲ ಕಣೋ. ಲಾಕರಿಗೆ ಎರಡು ಕೈ ಬೇಕಲ್ಲ. ಬ್ಯಾಂಕಿನ ಕೈ ಇರೋ ಆಫೀಸರು ರಜದ ಮೇಲೆ ಧರ್ಮಸ್ಥಳಕ್ಕೆ ಹೋಗಿದ್ದಾರೆ."