ಹಿತ್ತಿಲ ಅರ್ಥಿಂಗ್ ಗುಂಡಿಯವರಿಗೆ ಒಂದು ಬಹಿರಂಗ ಪತ್ರ

ಮ॥ ರಾ॥ ಶ್ರೀ ಅರ್ಥಿಂಗ್ ಗುಂಡಿಯವರ ಸನ್ನಿಧಾನಕ್ಕೆ, ಹೊನ್ನೆಮರಡಿನ ಈ ಮನೆಗೆ ಯಜಮಾನನೆಂದು ಕರೆಯಿಸಿಕೊಳ್ಳುವವನು ಮಾಡುವ ಅನೇಕ ವಿಜ್ಞಾಪನೆಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಈ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯಾದರೂ ವಿಚಾರಿಸದೆ ಹೋದುದಕ್ಕಾಗಿಯೂ, ನಾವು ಇಷ್ಟು ಕಾಲ ಬದುಕಿ ಉಳಿದುದು ತಮ್ಮ ಕೃಪೆಯಿಂದಲ್ಲ, ಕೇವಲ ನಮ್ಮ ಹವಾಯಿ ಚಪ್ಪಲಿಗಳ ಕೃಪೆಯಿಂದ ಎಂಬುದು ಕಳೆದ ವಾರವಷ್ಟೇ ತಿಳಿದುಬಂದುದಕ್ಕಾಗಿಯೂ ಈ ಪತ್ರವನ್ನು ಬರೆಯಬೇಕಾಗಿ ಬಂದಿದೆ.

ತಮ್ಮ ಪ್ರತಿಷ್ಠಾಪನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಜಂಬಿಟ್ಟಿಗೆಯ ನೆಲವನ್ನು ಆಳೆತ್ತರಕ್ಕೂ ಮೀರಿ ಅಗೆದು, ಎಂಟಡಿಯ ಜಿ.ಐ. ಪೈಪನ್ನು ನಡುವೆ ನಿಲ್ಲಿಸಿ, ಸುತ್ತಲೂ ಒಂದು ಪದರ ಇದ್ದಿಲು ಒಂದು ಪದರ ಉಪ್ಪು ಎಂಬ ಕ್ರಮದಲ್ಲಿ ವೈರ್‌ಮನ್ನರು ತುಂಬುತ್ತಿರಲು, ಇವೆರಡನ್ನೇ ಕುಟ್ಟಿ ತನ್ನ ಹಲ್ಲುಪುಡಿಯನ್ನು ಮಾಡಿಕೊಳ್ಳುತ್ತಿದ್ದ ನಮ್ಮ ಅಜ್ಜಿ ಜಗುಲಿಯಿಂದಲೇ, “ಭೂಮಿತಾಯಿಗೂ ಹಲ್ಲುಜ್ಜಿಸ್ತೀರೇನ್ರೋ?” ಎಂದು ಕೇಳಿದ್ದಳು. ಆ ಮಹಾಶಯರು ಹೊರಡುವಾಗ ಕೇಳಿಕೊಂಡುದು ಒಂದೇ ಒಂದು: ಬೇಸಿಗೆಯಲ್ಲಿ ಆಗಾಗ್ಗೆ ಒಂದೆರಡು ಕೊಡ ನೀರು ಹೊಯ್ಯಿರಿ, ತೇವ ಆರಿದರೆ ಇದು ಗುಂಡಿಯಲ್ಲ, ಬರಿಯ ಗೋರಿ. ನಾವು ತಲೆಯಾಡಿಸಿದೆವು. ಆಮೇಲೆ ತಮ್ಮ ಮೇಲೆ ಹಾಳೆತೊಪ್ಪಿಗಳೂ ಸೌದೆಯೂ ಕಡೆಗೆ ಒಂದು ಮುರಿದ ತೊಟ್ಟಿಲೂ ಬಂದು ಕುಳಿತುವು.

ಈ ಉಪೇಕ್ಷೆಯು ನೀರಿಲ್ಲದ ಸೀಮೆಯಲ್ಲಿ ನಡೆದಿದ್ದರೆ ಕ್ಷಮಿಸಬಹುದಾಗಿತ್ತು. ಆದರೆ ಅಂಗಳದಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಶರಾವತಿಯ ಹಿನ್ನೀರೇ ಕಾಣುವ ಊರು ಇದು. ಈ ಹೊಳೆಯ ನೀರು 1948ರಲ್ಲಿ ಜೋಗದ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸಲು ತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದು, ಅದಕ್ಕಾಗಿ ಎಷ್ಟೋ ಊರುಗಳು ತೋಟಗದ್ದೆಗಳೊಡನೆ, ದೇವಸ್ಥಾನಗಳೊಡನೆ ಮುಳುಗಿದುವು. ಇಂದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಕೂಡಿ 1035 ಮೆಗಾವಾಟ್ ಸಾಮರ್ಥ್ಯವನ್ನು ಪಡೆದಿವೆ. ಜಲಾಶಯದ ಮಟ್ಟವು 1819 ಅಡಿಗೆ ಇನ್ನೆಷ್ಟು ಕಡಮೆಯೆಂಬುದನ್ನು ಮಳೆಗಾಲದ ಪ್ರತಿ ಬೆಳಗ್ಗೆಯೂ ಪತ್ರಿಕೆಯಲ್ಲಿ ನೋಡಿ, ಹೊಳೆಯಾಚೆಯ ನೆಂಟರಿಗೆ ಫೋನು ಮಾಡಿ ತಿಳಿಸತಕ್ಕ ನಾನು, ನಾಡಿಗೆಲ್ಲ ಬೆಳಕು ಕೊಡುವ ಆ ನೀರಿನಲ್ಲಿ ಎರಡು ಕೊಡವನ್ನು ತಮ್ಮ ಬಾಯಿಗೆ ಹೊಯ್ಯಲಿಲ್ಲ.

ಪರಿಣಾಮವೇನೂ ಗುಟ್ಟಾಗಿರಲಿಲ್ಲ. ಬಚ್ಚಲ ನಲ್ಲಿಯನ್ನು ಮುಟ್ಟಿದರೆ ಜುಂ ಎನ್ನುತ್ತಿತ್ತು. ಇದನ್ನು ನಾವು ದೋಷವೆಂದಲ್ಲ, ನಲ್ಲಿಯ ಸ್ವಭಾವವೆಂದು ತಿಳಿದಿದ್ದೆವು. ಬಂದ ನೆಂಟರಿಗೆ ಟವೆಲ್ಲು ಕೊಡುವಾಗಲೇ, “ನಲ್ಲಿ ಸ್ವಲ್ಪ ಜುಂ ಅನ್ನತ್ತೆ, ಚಪ್ಪಲಿ ಹಾಕ್ಕೊಂಡು ತಿರುಗ್ಸಿ” ಎಂಬ ಉಪದೇಶವನ್ನೂ ಕೊಡುವುದು ನಮ್ಮಲ್ಲಿ ಆತಿಥ್ಯದ ಒಂದು ಅಂಗವಾಗಿಬಿಟ್ಟಿತ್ತು. ಆದರೆ ಕೊಟ್ಟಿಗೆಯ ಹಸುವಿಗೆ ಚಪ್ಪಲಿಯಿಲ್ಲ. ನಾಲ್ಕೂ ಬರಿಗಾಲುಗಳನ್ನು ಒದ್ದೆ ನೆಲದ ಮೇಲೂರಿ ನಿಲ್ಲುವ ಆ ಜೀವವು, ಮೋಟಾರಿನ ಕಬ್ಬಿಣದ ಪೈಪು ತಾಗಿದ ಬಾನಿಗೆ ಮೂತಿಯಿಟ್ಟೊಡನೆಯೇ ಹಿಂಜರಿದು, ಅಕ್ಕಚ್ಚನ್ನು ಕುಡಿಯದೆ ನಿಂತಿತು. ನಾವು ದೃಷ್ಟಿ ತೆಗೆಸಿದೆವು, ಮದ್ದು ಕುಡಿಸಿದೆವು, ಕೊಟ್ಟಿಗೆಯ ಬಾಗಿಲ ದಿಕ್ಕು ಸರಿಯಿಲ್ಲವೆಂದು ಹೇಳಿದವರ ಮಾತನ್ನೂ ಭಕ್ತಿಯಿಂದ ಕೇಳಿದೆವು. ಈ ಮನೆಗೆ ಬಂದ ಮೊದಲನೆಯ ವಿದ್ಯುತ್ ಪರಿವೀಕ್ಷಕಿ, ಸಂಬಳವಿಲ್ಲದೆ, ದಿನಕ್ಕೆರಡು ಬಾರಿ ವರದಿ ಸಲ್ಲಿಸುತ್ತಿದ್ದಳೆಂಬುದು ನಮಗೆ ಹೊಳೆಯಲೇ ಇಲ್ಲ.

ಎರಡನೆಯ ಪರಿವೀಕ್ಷಣೆಗೆ ಕಾರಣನಾದವನು ನನ್ನ ಸೋದರಳಿಯ. ಉಪದೇಶವನ್ನು ಲೆಕ್ಕಿಸದೆ ಬರಿಗಾಲಲ್ಲಿ ಬಚ್ಚಲಿಗೆ ಹೋದವನು, ಅರ್ಧ ನೆನೆದ ಮೈಯಲ್ಲಿ ಹೊರಗೆ ಬಂದು, “ಮಾವ, ವೈರಿಂಗ್ ಚೆಕ್ ಮಾಡ್ಸದೇ ಇದ್ರೆ ನಾನು ಈ ಮನೇಲಿ ಸ್ನಾನ ಮಾಡಲ್ಲ” ಎಂದು ಸತ್ಯಾಗ್ರಹ ಹೂಡಿದನು. ಮರುದಿನವೇ ಸಾಗರದಿಂದ ಪರವಾನಗಿಯುಳ್ಳ ವೈರ್‌ಮನ್ನರೊಬ್ಬರು ಬಂದರು. ಹಿನ್ನೀರು ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಮೆಲ್ಲಮೆಲ್ಲನೆ ತಲೆಯೆತ್ತುವಂತೆ, ಅವರು ಅಟ್ಟವೇರಿದೊಡನೆ ನಮ್ಮ ಮನೆಯ ಪೂರ್ವಪಾಪಗಳೆಲ್ಲವೂ ಒಂದೊಂದಾಗಿ ಬೆಳಕಿಗೆ ಬಂದುವು: ಇಲಿ ಕಡಿದ ತಂತಿ, ಟೇಪು ಸುತ್ತದೆ ಹೊಸೆದ ಗಂಟು, ಒಂದೇ ಪ್ಲಗ್ಗಿಗೆ ಜೋತುಬಿದ್ದ ಮೂರು ಸಂಸಾರಗಳು. ತಂತಿಯ ಹೊದಿಕೆಯ ನಿರೋಧವನ್ನು ಅಳೆಯುವ 500 ವೋಲ್ಟಿನ ಮೆಗ್ಗರನ್ನು ಒಂದು ನಿಮಿಷ ಹಿಡಿದಾಗ ಕಡಮೆಯೆಂದರೆ 1 ಮೆಗಓಮ್ ತೋರಿಸಬೇಕಾಗಿದ್ದ ಮುಳ್ಳು, ಮೋಟಾರಿನ ಸಾಲಿಗೆ ಬಂದಾಗ ಏಳಲೇ ಇಲ್ಲ. ಪಿಂಗಾಣಿಯ ಫ್ಯೂಸನ್ನು ಕಿತ್ತು ನೋಡಿದವರು ನನ್ನ ಮುಖವನ್ನು ನೋಡಿದರು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರ ನಡುನಡುವೆ ನಿಲ್ಲಬಾರದೆಂದು ಅದಕ್ಕೆ ದಪ್ಪ ತಾಮ್ರದ ತಂತಿಯನ್ನು ಮೂರೆಳೆಯಾಗಿ ಸುತ್ತಿದವನು ನಾನೇ. ತಾನುರಿದು ಮನೆಯನ್ನುಳಿಸುವುದೇ ಯಾವುದರ ಜನ್ಮಧರ್ಮವೋ, ಅದಕ್ಕೆ ನಾನು ಅಮರತ್ವವನ್ನು ದಯಪಾಲಿಸಿದ್ದೆನು.

ಕಡೆಗೆ ತೊಟ್ಟಿಲನ್ನು ಸರಿಸಿ ತಮ್ಮ ದರ್ಶನವಾಯಿತು. ಪೈಪಿನ ಕ್ಲ್ಯಾಂಪು ಹಸುರುಗಟ್ಟಿ, ಥೇಟು ಮೈಲುತುತ್ತದಂತೆ ಕಾಣುತ್ತಿತ್ತು. ಕೊಳೆರೋಗ ಬರಬಹುದೆಂಬ ಬರಿಯ ಶಂಕೆಯಿಂದಲೇ ಪ್ರತಿ ಮಳೆಗಾಲವೂ ಮರಮರಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಸುವ, ಕೂಲಿಯ ಮೊತ್ತವನ್ನು ಕೇಳಿಯೂ ಹಿಂಜರಿಯದ ನನಗೆ, ತಾಮ್ರವೇ ಕೊಳೆತು ಕೂತಿರುವುದನ್ನು ನೋಡಲು ಒಬ್ಬ ಅಳಿಯ ಬೇಕಾಯಿತು. ಎರಡು ಮೊಳೆಗಳನ್ನು ದೂರದೂರಕ್ಕೆ ನೆಲದಲ್ಲಿ ಹೊಡೆದು ಅಳೆದಾಗ ತಮ್ಮ ರೋಧವು 50 ಓಮ್ ಎಂದು ಬಂದಿತು. ಲೆಕ್ಕ ಸರಳವಾದುದು: ಜೀವತಂತಿಯು ಪೂರ್ತಿಯಾಗಿ ಪೈಪಿಗೆ ತಾಗಿದರೂ 230 ವೋಲ್ಟು ತಮ್ಮ ಮೂಲಕ ಹರಿಸಬಲ್ಲುದು 4.6 ಆಂಪಿಯರ್ ಮಾತ್ರ. ಅಷ್ಟಕ್ಕೆ 15 ಆಂಪಿಯರಿನ ಯೋಗ್ಯ ಫ್ಯೂಸೂ ಮಿಸುಕದು, ನನ್ನ ಅಮರ ಫ್ಯೂಸಂತೂ ನಿದ್ರೆಯಿಂದಲೇ ಏಳದು. ಪೈಪು ಮಾತ್ರ ಜೀವಂತವಾಗಿ ಕಾಯುತ್ತಿರುತ್ತದೆ. ಚತುರ್ವಿಧ ಪುರುಷಾರ್ಥಗಳಲ್ಲಿ ಅರ್ಥವು ಕೆಟ್ಟ ಮನೆಯಲ್ಲಿ ಮೋಕ್ಷವು ಸರದಿ ತಪ್ಪಿಸಿ ಮುಂದೆ ಬರುವುದೆಂಬುದನ್ನು ನಾನು ಆ ದಿನ ಅರಿತೆನು.

ಶಾಸ್ತ್ರವಿಲ್ಲದೆ ಇದೆಲ್ಲ ನಡೆಯಿತೆಂದೂ ಹೇಳುವಂತಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 46ನೆಯದು, ಸಂಪರ್ಕ ಪಡೆದ ವೈರಿಂಗನ್ನು ಐದು ವರ್ಷಗಳಿಗೆ ಮೀರದ ಅವಧಿಯಲ್ಲಿ ಪರೀಕ್ಷಿಸತಕ್ಕದ್ದೆಂದು ವಿಧಿಸಿತ್ತು. ಆ ನಿಯಮಗಳಿಗೆ ಬದಲಾಗಿ 2010ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಹೊಸವು ಬಂದುವು. ನಿಯಮಗಳು ಇಷ್ಟು ಸಲ ನವೀಕೃತವಾದರೂ ನಮ್ಮ ಅಟ್ಟದ ತಂತಿ ಒಂದು ಸಲವೂ ಆಗಲಿಲ್ಲ. ಯಾರೂ ಬರಲಿಲ್ಲವೆಂದು ದೂರುವ ಬಾಯಿಗೆ, ನಾನಾದರೂ ಯಾರನ್ನು ಕರೆದಿದ್ದೆ ಎಂಬ ಪ್ರಶ್ನೆ ಬಂದು ಅಡ್ಡಗಟ್ಟುತ್ತದೆ.

ಈಗ ತಮ್ಮ ಕ್ಲ್ಯಾಂಪು ಹೊಸದಾಗಿದೆ. ಇದ್ದಿಲು ಉಪ್ಪುಗಳೂ ಹೊಸವು. ಮೋಟಾರು ಸಾಗರಕ್ಕೆ ವೈಂಡಿಂಗಿಗೆ ಹೋಗಿ ಬಂದಿದೆ. ಮೀಟರಿನ ಪಕ್ಕದಲ್ಲಿ ಆರ್‌ಸಿಸಿಬಿ ಎಂಬ ಹೊಸ ಶಾನುಭೋಗನು ನೇಮಕಗೊಂಡು, ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಲೆಕ್ಕ ನೋಡಿ, 30 ಮಿಲಿಆಂಪಿಯರ್ ಅಂತರ ಕಂಡರೆ ಕ್ಷಣಮಾತ್ರದಲ್ಲಿ ಬಾಗಿಲು ಹಾಕುತ್ತಾನೆ. ಆತನು ಎಚ್ಚರವಾಗಿರುವನೋ ಎಂದು ತಿಳಿಯಲು ಅವನ ಮೈಮೇಲೂ ಒಂದು ಗುಂಡಿಯಿದೆ. ತಮ್ಮ ದಾಯಾದಿಯಲ್ಲ, ಒತ್ತುವ ಗುಂಡಿ. ಅವನು ಬಂದನೆಂದು ತಾವು ರಜೆ ಹೋಗಕೂಡದೆಂದು ವೈರ್‌ಮನ್ನರ ಆಜ್ಞೆ.

ಮನೆಯ ಮಾತನ್ನು ಬಹಿರಂಗ ಪತ್ರವಾಗಿ ಬರೆದುದೇತಕ್ಕೆಂದು ತಾವು ಕೇಳಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಿತ್ತಿಲುಗಳಲ್ಲಿ ಸೌದೆಯ ಕೆಳಗೆ, ತೊಟ್ಟಿಲ ಕೆಳಗೆ ಉಪವಾಸ ಬಿದ್ದಿರುವ ತಮ್ಮ ಬಂಧುವರ್ಗ ದೊಡ್ಡದು. ಅವರ ಯಜಮಾನರಿಗೆ ಓದು ಬರುತ್ತದೆ. ಮಹಾಶಯರೇ, ಮಳೆ ಹಿಡಿಯುವುದಕ್ಕೆ ಮುನ್ನ, ಬೋರ್ಡೋ ಹೊಡೆಯುವವರಿಗೆ ಹೇಳಿಕಳಿಸುವ ದಿನವೇ, ಪರವಾನಗಿಯ ವೈರ್‌ಮನ್ನರಿಗೂ ಹೇಳಿಕಳಿಸಿರಿ.

ಇಂತು ತಮ್ಮ ವಿಧೇಯ,
ಮೇಲ್ಕಂಡ ಮನೆಯ ಯಜಮಾನ

ವಿ.ಸೂ.: ನಿನ್ನೆ ಸಂಜೆ ಹಸು ಬಾನಿಯಲ್ಲಿ ಅಕ್ಕಚ್ಚು ಕುಡಿಯಿತು.