ಫ್ಲೋರೈಡ್ ಭಾಗ್ಯ

ಕರ್ನಾಟಕದಲ್ಲಿ ಮಳೆಗೆ ಬರವಿದ್ದೀತು, ಭಾಗ್ಯಗಳಿಗಿಲ್ಲ. ಅನ್ನಕ್ಕೊಂದು ಭಾಗ್ಯ, ಹಾಲಿಗೊಂದು ಭಾಗ್ಯ, ಅದರ ಮೇಲೆ ಐದು ಗ್ಯಾರಂಟಿ. ಆದರೆ ಆಧಾರ್ ಕೇಳದೆ, ರೇಷನ್ ಕಾರ್ಡ್ ನೋಡದೆ, ಸರ್ವರ್ ಡೌನ್ ಆಗದೆ, ಯಾರಿಗೂ ಕಮಿಷನ್ ಸೋರದೆ, ಫಲಾನುಭವಿಯ ಬಾಯಿಗೇ ನೇರವಾಗಿ ಬಂದು ಬೀಳುವ ಯೋಜನೆ ರಾಯಚೂರು ಜಿಲ್ಲೆಯಲ್ಲಿ ಒಂದೇ ಒಂದು. ಅದು ಫ್ಲೋರೈಡ್ ಭಾಗ್ಯ. ಇದರ ಉದ್ಘಾಟನೆಗೆ ಯಾವ ಮಂತ್ರಿಯೂ ಟೇಪು ಕತ್ತರಿಸಿಲ್ಲ. ಯಾವ ಸರ್ಕಾರ ಬಂದರೂ ಯಾವ ಸರ್ಕಾರ ಹೋದರೂ ನಿಂತಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಬೋರ್ಡುಗಳೆಲ್ಲ ಬದಲಾದವು, ಬೋರ್‌ವೆಲ್ ಮಾತ್ರ ಹಳೆಯ ನೀರನ್ನೇ ಕೊಟ್ಟಿತು.

ಬೆಂಗಳೂರಿನ ಮನೆಗಳಲ್ಲಿ ಇದೇ ಫ್ಲೋರೈಡ್ ಒಂದು ಚರ್ಚೆಯ ವಿಷಯ. ಮಗುವಿಗೆ ಹಲ್ಲು ಹುಳುಕಾಗಬಾರದು, ದಂತವೈದ್ಯರು ಫ್ಲೋರೈಡ್ ವಾರ್ನಿಷ್ ಹಚ್ಚೋಣ ಎನ್ನುತ್ತಿದ್ದಾರೆ, ಹಚ್ಚಿಸಬೇಕೋ ಬೇಡವೋ? ಅಪ್ಪ ಮೊಬೈಲ್ ತಿಕ್ಕುತ್ತಾನೆ, ಅಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾಳೆ, ಅಮೆರಿಕದಲ್ಲಿರುವ ಚಿಕ್ಕಪ್ಪ ರಾತ್ರಿ ಫೋನು ಮಾಡಿ, ನಮ್ಮಲ್ಲಿ ಯೂಟಾ ರಾಜ್ಯದವರು 2025ರಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸೋದನ್ನೇ ನಿಷೇಧಿಸಿದ್ದಾರೆ, ಹುಷಾರು ಎನ್ನುತ್ತಾರೆ. ಕೊನೆಗೆ ಒಂದು ಒಪ್ಪಿಗೆ ಪತ್ರ ಬರುತ್ತದೆ, ಇಬ್ಬರೂ ಎರಡೆರಡು ಸಲ ಓದಿ ಸಹಿ ಹಾಕುತ್ತಾರೆ.

ಇತ್ತ ರಾಯಚೂರು ಜಿಲ್ಲೆಯ ಪೋತ್ನಾಳದ ತಾಯಿಯೊಬ್ಬಳು ಶಕ್ತಿ ಯೋಜನೆಯ ಪುಕ್ಕಟೆ ಬಸ್ಸಿನಲ್ಲಿ, ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಮಾನ್ವಿ ದಾಟಿ ರಾಯಚೂರಿಗೆ ಹೋದಳು ಎಂದಿಟ್ಟುಕೊಳ್ಳಿ. ರಾಯಚೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳೇ ಎರಡಿವೆ, ಹಲ್ಲಿನ ಡಾಕ್ಟರಿಗೆ ಕೊರತೆ ಇಲ್ಲ. ಡಾಕ್ಟರು ಹುಡುಗನ ಬಾಯಿಗೆ ಲೈಟು ಬಿಟ್ಟು ನೋಡಿ ಹೇಳುತ್ತಾರೆ:

"ದವಡಿ ಹಲ್ಲು ಹುಳುಕಾಗ್ಯಾವಮ್ಮ. ಫ್ಲೋರೈಡ್ ಹಚ್ಚೋಣ."

"ಏನು ಹಚ್ತೀರಿ ಸಾಹೇಬ್ರ?"

"ಫ್ಲೋರೈಡ್."

"ಅದು ನಮ್ಮ ಬೋರಿನಾಗ ಐತಂತ ಬೋರಿಗೆ ಕೆಂಪು ಬಣ್ಣ ಬಳದು, ಕುಡೀಬ್ಯಾಡ್ರಿ ಅಂತ ಬರದು ಹೋಗ್ಯಾರಲ್ರಿ. ನೀವು ರೊಕ್ಕ ತಗೊಂಡು ಅದನ್ನ ಹಚ್ತೀನಿ ಅಂತೀರಿ?"

"ಅದು ಬ್ಯಾರೆ, ಇದು ಬ್ಯಾರೆ."

"ಹೆಸರು ಒಂದ ಐತಲ್ರೀ ಮತ್ತ?"

ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತಾರೆ. ಏಕೆಂದರೆ ಇದು ಅವರ ಪಠ್ಯದಲ್ಲಿ ಇರುವ ಪ್ರಶ್ನೆ, ಅವರ ಕೇಸ್ ಶೀಟಿನಲ್ಲಿ ಇಲ್ಲದ ಪ್ರಶ್ನೆ. ಹೆಸರು, ವಯಸ್ಸು, ಊರು, ಮೊಬೈಲ್ ನಂಬರು ಎಲ್ಲದಕ್ಕೂ ಅದರಲ್ಲಿ ಜಾಗವಿದೆ. ಯಾವ ನೀರು ಕುಡಿಯುತ್ತೀರಿ ಎಂಬುದಕ್ಕೆ ಜಾಗವಿಲ್ಲ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ಅದು ಬೇರೆ, ಇದು ಬೇರೆ. ವಾರ್ನಿಷ್ ಹಲ್ಲಿನ ಹೊರಮೈಗೆ ಹಚ್ಚುವ ವಸ್ತು. ನೀರು ಹೊಟ್ಟೆಗೆ ಹೋಗಿ, ರಕ್ತ ಸೇರಿ, ವಸಡಿನೊಳಗೆ ಇನ್ನೂ ಹುಟ್ಟುತ್ತಿರುವ ಹಲ್ಲನ್ನು ಕೆಡಿಸುವ ವಸ್ತು. ಲೆಕ್ಕ ಹಾಕಿ ನೋಡೋಣ. ಚಿಕ್ಕ ಮಗುವಿನ ಬಾಯಿಗೆಲ್ಲ ಹಚ್ಚಲು ಕಾಲು ಮಿಲಿಲೀಟರ್ ವಾರ್ನಿಷ್ ಸಾಕು. ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಷ್ ಆದರೆ ಅದರಲ್ಲಿರುವ ಫ್ಲೋರೈಡ್ ಸುಮಾರು 5.6 ಮಿಲಿಗ್ರಾಂ. ವರ್ಷಕ್ಕೆ ಎರಡು ಸಲ ಹಚ್ಚಿಸಿದರೆ 11 ಮಿಲಿಗ್ರಾಂ ಚಿಲ್ಲರೆ. ಈಗ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರಿನ ನೀರನ್ನು ಅದೇ ಮಗು ದಿನಕ್ಕೆ ಒಂದೂವರೆ ಲೀಟರ್ ಕುಡಿದರೆ ದಿನಕ್ಕೆ 3 ಮಿಲಿಗ್ರಾಂ. ಅಂದರೆ ಡಾಕ್ಟರು ಒಂದು ಸಲ ಹಚ್ಚುವುದನ್ನು ನಮ್ಮ ಬೋರ್‌ವೆಲ್ ಎರಡು ದಿನದಲ್ಲಿ ಕುಡಿಸಿ ಮುಗಿಸುತ್ತದೆ. ವರ್ಷಕ್ಕೆ ಹೆಚ್ಚೂಕಡಿಮೆ ನೂರು ಪಟ್ಟು. ಅಪಾಯಿಂಟ್‌ಮೆಂಟ್ ಬೇಡ, ಫೀಸು ಬೇಡ, ಉಗುಳು ಎಂದು ಹೇಳುವವರೂ ಇಲ್ಲ.

ಅಮೆರಿಕದವರು ಫ್ಲೋರೈಡಿನ ಗುಣವನ್ನು ಕಂಡುಹಿಡಿದದ್ದೇ ಹಲ್ಲು ಕೆಟ್ಟ ಮೇಲೆ. ಕಳೆದ ಶತಮಾನದ ಆರಂಭದಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯ ಮಕ್ಕಳ ಕಂದು ಹಲ್ಲು ನೋಡಿ ಬೆರಗಾದ. ಆ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದೂ ಅವನ ಕಣ್ಣಿಗೆ ಬಿತ್ತು. 1931ರಲ್ಲಿ ಕಾರಣ ನೀರಿನ ಫ್ಲೋರೈಡ್ ಎಂದು ತಿಳಿಯಿತು. ಹೆಚ್ಚಾದರೆ ಕಲೆ, ಹದವಾಗಿದ್ದರೆ ರಕ್ಷಣೆ ಎಂದು ಹದ ಹುಡುಕಿ, 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ನೀರಿಗೆ ಅಳೆದು ಬೆರೆಸಿದರು. ಬಿಸಿಲೂರಿನವರು ನೀರು ಜಾಸ್ತಿ ಕುಡಿಯುತ್ತಾರೆ, ಅವರಿಗೆ ಪ್ರಮಾಣ ಕಡಿಮೆ ಇರಲಿ ಎಂದು 1962ರಲ್ಲೇ ನಿಯಮ ಬರೆದರು. ಈಗ ಇಡೀ ದೇಶಕ್ಕೆ ಲೀಟರಿಗೆ 0.7 ಮಿಲಿಗ್ರಾಂ ಎಂದು ಇಳಿಸಿ, ಅದೂ ಹೆಚ್ಚಾಯಿತೇ ಎಂದು ಕೋರ್ಟಿನಲ್ಲಿ ಕಿತ್ತಾಡುತ್ತಿದ್ದಾರೆ. ನಮ್ಮ ದೇಶದ ವರದಿಯೂ ತಡವಾಗಿ ಬಂದದ್ದಲ್ಲ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರಿನಲ್ಲಿ ಫ್ಲೋರೈಡ್ ನೀರು ಕುಡಿದು ಜನರ ಮೂಳೆ ಬಿಗಿದದ್ದನ್ನು 1937ರಲ್ಲೇ ದಾಖಲಿಸಿದ್ದರು. ಅವರು ಕಲೆ ಕಂಡು ಹದ ಹುಡುಕಿದರು. ನಾವು ಕಲೆ ಕಂಡು ಕಡತ ತೆರೆದೆವು.

ರಾಯಚೂರಿನ ಬಿಸಿಲನ್ನು ವರ್ಣಿಸುವ ಅಗತ್ಯವಿಲ್ಲ. ಇಲ್ಲಿಯ ಹುಡುಗ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಲೆಕ್ಕವೂ ಇಲ್ಲ. ನೆಲದಡಿ ಗ್ರಾನೈಟು, ನೈಸು ಬಂಡೆ. ಆ ಬಂಡೆಯ ಖನಿಜಗಳಲ್ಲೇ ಫ್ಲೋರೈಡ್ ಇದೆ, ನೀರು ಆಳದಲ್ಲಿ ಬಹಳ ಕಾಲ ಬಂಡೆಗೆ ಒರಗಿ ಕೂತಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಇದೇ ಜಿಲ್ಲೆಯ ಹಟ್ಟಿಯಲ್ಲಿ ಅದೇ ನೆಲದಡಿ ಚಿನ್ನವೂ ಇದೆ. ಹಂಚಿಕೆ ಅಚ್ಚುಕಟ್ಟಾಗಿದೆ. ಚಿನ್ನ ಸರ್ಕಾರಕ್ಕೆ, ಫ್ಲೋರೈಡ್ ಸಾರ್ವಜನಿಕರಿಗೆ.

ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ನಾವು. ಈ ದೋಆಬಿಗಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ದಂಡು ಕಟ್ಟಿಕೊಂಡು ಬಂದು ರಾಯಚೂರು ಕೋಟೆ ಗೆದ್ದ. ಪಾಪ, ಬೋರಿನ ನೀರು ಪರೀಕ್ಷೆ ಮಾಡಿಸದೆ ಗೆದ್ದ. ಎರಡು ಹೊಳೆಗಳ ನಡುವಿನ ಜನ ಕುಡಿಯುವ ನೀರಿಗೆ ಐನೂರು ಅಡಿ ಭೂಮಿ ಕೊರೆಯುತ್ತಾರೆ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದನೋ ಇಲ್ಲವೋ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ದಾಟಿ ಮಾನ್ವಿ ಕಡೆಗೆ ಬರುವಷ್ಟರಲ್ಲಿ ಉಸಿರುಗಟ್ಟುತ್ತದೆ. ಕೊನೆ ಭಾಗಕ್ಕೆ ನೀರು ಕೊಡಿ ಎಂದು ರೈತರು ರಸ್ತೆಗೆ ಕೂಡುವುದು ಇಲ್ಲಿಯ ಪಂಚಾಂಗದಲ್ಲಿ ಸೇರಿಹೋದ ಹಬ್ಬ. ಕಾಲುವೆಗೆ ನೀರು ಬಿಟ್ಟಾಗ ಊರಿನ ಕೆರೆ ತುಂಬಿಸಿಕೊಂಡರೆ ಕೆಲವು ತಿಂಗಳು ಹೊಳೆಯ ನೀರು. ಕೆರೆ ತಳ ಕಂಡ ಮೇಲೆ ಮತ್ತೆ ಬೋರು. ಅಂದರೆ ಮಗುವಿನ ಫ್ಲೋರೈಡ್ ಡೋಸನ್ನು ನಿರ್ಧರಿಸುವವರು ಮಕ್ಕಳ ತಜ್ಞರಲ್ಲ, ನೀರಾವರಿ ಸಲಹಾ ಸಮಿತಿಯವರು. ಕಾಲುವೆ ನೀರಿನ ಸರದಿ, ಅಂದರೆ ವಾರಾಬಂದಿ ಬದಲಾದರೆ ಡೋಸೂ ಬದಲು.

ಪರಿಣಾಮ ನಕ್ಕರೆ ಕಾಣುತ್ತದೆ. ಎಂಟು ವರ್ಷದೊಳಗೆ, ಹಲ್ಲಿನ ಎನಾಮಲ್ ಕಟ್ಟುವ ಕಾಲದಲ್ಲಿ ಕುಡಿದ ನೀರು ಶಾಶ್ವತ ಹಲ್ಲಿನ ಮೇಲೆ ಅಡ್ಡಗೆರೆ ಎಳೆದು ಬರೆಯುತ್ತದೆ. ಮೊದಲು ಸುಣ್ಣದಂಥ ಬಿಳಿ, ಆಮೇಲೆ ಹಳದಿ, ಆಮೇಲೆ ಕಂದು, ಜಾಸ್ತಿಯಾದರೆ ಚುಕ್ಕೆ ಚುಕ್ಕೆಯಾಗಿ ಕಿತ್ತುಬಂದ ಗುಳಿ. ಬ್ರಶ್ಶಿನಿಂದ ತಿಕ್ಕಿದರೆ ಹೋಗದು, ಬೂದಿಯಿಂದ ತಿಕ್ಕಿದರೂ ಹೋಗದು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಇವೆ, ಕಡಿದಾಗ ಪುಡಿಯಾಗುವುದು ಯಾವುದು ಎಂಬುದಷ್ಟೇ ಅನುಮಾನ. ಗುಳೆ ಹೋದ ಹುಡುಗನಿಗೆ ಬೆಂಗಳೂರಿನ ಮೇಸ್ತ್ರಿ, ಗುಟ್ಕಾ ಬಿಡೋ ಎಂದು ಬುದ್ಧಿ ಹೇಳುತ್ತಾನೆ. ಹುಡುಗ ಜನ್ಮದಲ್ಲಿ ಗುಟ್ಕಾ ಮುಟ್ಟಿರುವುದಿಲ್ಲ, ನೀರು ಮುಟ್ಟಿದ್ದಾನೆ ಅಷ್ಟೆ. ಹುಡುಗಿ ನೋಡಲು ಬಂದವರ ಮುಂದೆ, ಬಾಯಿ ಮುಚ್ಚಿಕೊಂಡು ನಗು ಎಂದು ತಾಯಿ ಸನ್ನೆ ಮಾಡುತ್ತಾಳೆ. ಹುಡುಗನೂ ಬಾಯಿ ಮುಚ್ಚಿಕೊಂಡೇ ನಗುತ್ತಾನೆ. ಫೋಟೋ ಚೆನ್ನಾಗಿ ಬರುತ್ತದೆ.

ಪರಿಹಾರಗಳೂ ಬಂದವು. ನೀರು ಕಾಯಿಸಿ ಆರಿಸಿ ಕುಡಿಯಿರಿ ಎಂಬುದು ಎಲ್ಲ ರೋಗಕ್ಕೂ ಇಲಾಖೆಯ ಮಂತ್ರ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿ. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು, ಅದಕ್ಕೆ ನಲಗೊಂಡ ವಿಧಾನ ಎಂದೇ ಹೆಸರು. ನಲಗೊಂಡವೂ ರಾಯಚೂರೂ ಒಂದು ಕಾಲಕ್ಕೆ ಒಂದೇ ನಿಜಾಮನ ಜಿಲ್ಲೆಗಳು. ಅವರ ಊರು ವಿಧಾನಕ್ಕೆ ಹೆಸರಾಯಿತು, ನಮ್ಮ ಊರು ಬಾಧಿತರ ಪಟ್ಟಿಗೆ. ಆಮೇಲೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಕಾಯಿನ್ ಹಾಕಿದರೆ ಕೊಡ ತುಂಬುವ ನೀಲಿ ಡಬ್ಬಿ. ಕೆಲವು ನಡೆಯುತ್ತವೆ, ಕೆಲವು ಫಿಲ್ಟರ್ ಬದಲಾಯಿಸುವವರು ಬರಲಿ ಎಂದು ಬೀಗ ಹಾಕಿಕೊಂಡು ಕಾಯುತ್ತವೆ. 2019ರಲ್ಲಿ ಜಲಜೀವನ್ ಬಂತು, ಕನ್ನಡದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರಿಟ್ಟರು. 2024ಕ್ಕೆ ಮುಗಿಯಬೇಕಿದ್ದ ಗಂಗೆ ಈಗ 2028ಕ್ಕೆ ಹೋಗಿದ್ದಾಳೆ. ನಲ್ಲಿ ನಿಂತಿದೆ ನಿಜ. ನಲ್ಲಿಯ ಹಿಂದಿನ ಟ್ಯಾಂಕಿಗೆ ಹೊಳೆ ಸೇರಿಸಿದ್ದಾರೋ ಅದೇ ಬೋರು ಸೇರಿಸಿದ್ದಾರೋ ಎಂದು ಕೇಳಿದರೆ ಗಂಗೆಗೆ ಅವಮಾನ.

2022ರಲ್ಲಿ ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಜನ ಸತ್ತಾಗ ಟಿವಿ ವ್ಯಾನುಗಳು ಬಂದವು, ಮಂತ್ರಿಗಳು ಬಂದರು, ಟ್ಯಾಂಕು ತೊಳೆದರು. ವಾಂತಿ-ಭೇದಿಗೆ ಆ ಶಕ್ತಿ ಇದೆ. ಫ್ಲೋರೈಡ್ ಸಭ್ಯ. ಇಪ್ಪತ್ತು ವರ್ಷ ಕೂತು ಒಂದೊಂದೇ ಕೀಲು ಬಿಗಿಯುತ್ತದೆ. ಯಾವ ವಿರೋಧ ಪಕ್ಷವೂ ಇಪ್ಪತ್ತು ವರ್ಷ ಸಭಾತ್ಯಾಗ ಮಾಡಲಾರದು.

ಇಷ್ಟಾದ ಮೇಲೂ ಆ ತಾಯಿಗೆ ಉತ್ತರ ಬೇಕಲ್ಲ. ಹುಡುಗನಿಗೆ ಹಚ್ಚಿಸಬೇಕೋ ಬೇಡವೋ? ಹುಳುಕು ಹಿಡಿದಿದ್ದರೆ ಹಚ್ಚಿಸಬಹುದು. ನೀರಿನಲ್ಲಿ ಫ್ಲೋರೈಡ್ ಇದೆ ಎಂದ ಮಾತ್ರಕ್ಕೆ ಹಲ್ಲಿಗೆ ರಕ್ಷೆ ಸಿಕ್ಕಿತೆಂದಲ್ಲ, ಗುಳಿಬಿದ್ದ ಹಲ್ಲಿನಲ್ಲಿ ಐದು ರೂಪಾಯಿ ಬಿಸ್ಕತ್ತು ಇನ್ನೂ ಚೆನ್ನಾಗಿ ಕೂರುತ್ತದೆ. ನೀರು ತಲುಪದ ಓಣಿಗೂ ಆ ಬಿಸ್ಕತ್ತು ತಲುಪಿದೆ. ಆದರೆ ಹೊಟ್ಟೆಗೆ ಹೋಗುವ ಫ್ಲೋರೈಡ್ ಮಾತ್ರೆ, ಹನಿ ಯಾರಾದರೂ ಬರೆದುಕೊಟ್ಟರೆ ಚೀಟಿ ಹರಿಯಬೇಕು. ಪೇಸ್ಟು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಹಿಂಡುವುದು ಪೇಸ್ಟು ಖರ್ಚಾಗಲಿ ಎಂದು, ಹಲ್ಲು ಉಳಿಯಲಿ ಎಂದಲ್ಲ. ಚಹಾದಲ್ಲೂ ಫ್ಲೋರೈಡ್ ಇದೆ, ಮಕ್ಕಳಿಗೆ ಬೇಡ. ಶಾಲೆಯ ಹಾಲು ಬಿಡಬಾರದು, ಕ್ಯಾಲ್ಸಿಯಂ ಫ್ಲೋರೈಡನ್ನು ಹೊಟ್ಟೆಯಲ್ಲೇ ಅಷ್ಟಿಷ್ಟು ತಡೆಯುತ್ತದೆ. ಸರ್ಕಾರ ಒಂದು ಭಾಗ್ಯದಿಂದ ಇನ್ನೊಂದು ಭಾಗ್ಯವನ್ನು ಎದುರಿಸುತ್ತಿರುವ ಅಪರೂಪದ ಪ್ರಸಂಗವಿದು. ಇದೆಲ್ಲಕ್ಕಿಂತ ಮೊದಲು ನೀರು ಬದಲಾಗಬೇಕು. ಅದು ಡಾಕ್ಟರ ಚೀಟಿಯಲ್ಲಿ ಬರೆಯುವ ಔಷಧವಲ್ಲ.

ತಮಾಷೆ ಎಂದರೆ, ರಾಯಚೂರಿನಲ್ಲಿ ಅನುಕೂಲ ಇದ್ದವರು ಮನೆಗೆ ಆರ್‌ಒ ಹಾಕಿಸಿ ದುಡ್ಡು ಕೊಟ್ಟು ಫ್ಲೋರೈಡ್ ತೆಗೆಸುತ್ತಾರೆ, ಆಮೇಲೆ ಅದೇ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದು ದುಡ್ಡು ಕೊಟ್ಟು ಫ್ಲೋರೈಡ್ ಹಚ್ಚಿಸುತ್ತಾರೆ. ನಗಬೇಡಿ, ಅದೇ ಸರಿಯಾದ ಕ್ರಮ. ಬೇಕಾದಲ್ಲಿ ಬೇಕಾದಷ್ಟು, ಬೇಡವಾದಲ್ಲಿ ಬೇಡ. ಆಯ್ಕೆ ಎನ್ನುವುದು ಇದಕ್ಕೇ. ಅದಕ್ಕೆ ಎರಡು ಸಲ ದುಡ್ಡು ಬೇಕು.

ದುಡ್ಡಿಲ್ಲದವರಿಗೆ ಕನಿಷ್ಠ ಸಹಿ ಹಾಕುವ ಗೌರವವಾದರೂ ಸಿಗಲಿ. ಊರಿನ ಪ್ರತಿ ಟ್ಯಾಂಕಿನ ಮೇಲೆ ಶಾಸಕರ ಹೆಸರು, ಸಂಸದರ ಹೆಸರು, ಅಂದಾಜು ಮೊತ್ತ ಬರೆಯುವ ಇಲಾಖೆ ಅದೇ ಬಣ್ಣದಲ್ಲಿ ನೀರಿನ ಫ್ಲೋರೈಡ್ ಅಂಕಿಯನ್ನೂ ಬರೆಯಲಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 1.5 ಎಂದು ಸರ್ಕಾರದ ಮಾನಕವೇ ಹೇಳುತ್ತದೆ. ಜೊತೆಗೆ ದಂತವೈದ್ಯರಂತೆ ಒಂದು ಒಪ್ಪಿಗೆ ಪತ್ರವನ್ನೂ ಮನೆಮನೆಗೆ ಹಂಚಲಿ. ಕರಡು ಸಿದ್ಧವಿದೆ:

"ಕೆಳಗೆ ಸಹಿ ಮಾಡಿದ ತಂದೆ/ತಾಯಿಯಾದ ನಾನು, ನನ್ನ ಮಗುವಿಗೆ ದಿನನಿತ್ಯ ಫ್ಲೋರೈಡ್ ಕುಡಿಸಲು ಒಪ್ಪಿರುತ್ತೇನೆ. ಪ್ರಮಾಣ: ಕಾಲುವೆಯ ಮರ್ಜಿ. ಅವಧಿ: ಹುಟ್ಟಿನಿಂದ ಗುಳೆ ಹೋಗುವವರೆಗೆ. ಅಡ್ಡ ಪರಿಣಾಮ: ಹಲ್ಲು, ಬೆನ್ನು, ಮೊಣಕಾಲು, ಮದುವೆ. ಪರ್ಯಾಯ ವ್ಯವಸ್ಥೆ: ಕ್ರಿಯಾಯೋಜನೆ ಹಂತದಲ್ಲಿದೆ. ಸಹಿ ಹಾಕಲು ಇಷ್ಟವಿಲ್ಲದವರು ನೀರು ಕುಡಿಯದೆ ಇರಲು ಸಂಪೂರ್ಣ ಸ್ವತಂತ್ರರು."